ಮೂರು ಗಂಟೆಯ ಸಂಗೀತದಿಂದ ಮೂರು ನಿಮಿಷ: ಒಂದು ಡೆಮೊ ಸಿದ್ಧವಾದ ಬಗೆ

ಜೂನ್ ಎರಡನೆಯ ವಾರದಲ್ಲಿ ಕೈಗೆತ್ತಿಕೊಂಡು ಆಗಸ್ಟ್ ಮೂರನೆಯ ಭಾನುವಾರ ಮುಗಿಸಿದ ಕೆಲಸವೊಂದರ ವಿವರಗಳನ್ನು ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ನಾನು ಶಿರಸಿಯಲ್ಲಿ ಮಕ್ಕಳಿಗೆ ಸಂಗೀತ ಕಲಿಸುತ್ತೇನೆ. ಅದರ ಜೊತೆಗೆ ಮನೆಯ ಮಾಳಿಗೆಯ ಚಿಕ್ಕ ಕೋಣೆಯಲ್ಲಿ ಹನ್ನೊಂದು ವರ್ಷಗಳಿಂದ ನಾಟಕ, ಕಿರುಚಿತ್ರ, ಸಾಕ್ಷ್ಯಚಿತ್ರ ಮತ್ತು ಭಕ್ತಿಗೀತೆಗಳಿಗೆ ಸಂಗೀತ ಸಂಯೋಜಿಸುತ್ತ ಬಂದಿದ್ದೇನೆ. ಬೆಂಗಳೂರಿನಲ್ಲಿ ನಿರ್ದೇಶಕರು, ಸಂಕಲನಕಾರರು, ಸಂಗೀತ ಸಂಯೋಜಕರು ಒಂದು ದಿನ ಒಟ್ಟಿಗೆ ಸೇರಿ ಪರಿಚಯ ಮಾಡಿಕೊಳ್ಳುವ ಕಾರ್ಯಕ್ರಮವಿದೆಯೆಂದೂ ಅದಕ್ಕೆ ಡೆಮೊ, ಅಂದರೆ ನಮ್ಮ ಕೆಲಸದ ಮಾದರಿ ತುಣುಕುಗಳನ್ನು, ಕಳುಹಿಸಬೇಕೆಂದೂ ಹಳೆಯ ಸಹಪಾಠಿಯೊಬ್ಬರು ತಿಳಿಸಿದಾಗ, ಇದ್ದದ್ದರಲ್ಲಿ ಒಳ್ಳೆಯದನ್ನು ಆರಿಸಿ ಕಳುಹಿಸಿದರಾಯಿತು, ಎರಡು ದಿನದ ಕೆಲಸ ಎಂದುಕೊಂಡಿದ್ದೆ. ಒಂಬತ್ತು ವಾರ ಹಿಡಿಯಿತು. 21,350 ರೂಪಾಯಿ ಖರ್ಚಾಯಿತು. ಘಟ್ಟದ ಮೇಲೋ ಕರಾವಳಿಯಲ್ಲೋ ಇದ್ದುಕೊಂಡು ಇದೇ ದಾರಿ ಹಿಡಿಯುವವರಿಗೆ ನನ್ನಷ್ಟು ಅಲೆದಾಟ ಬೇಡವೆಂಬ ಆಸೆಯಿಂದ, ಎಲ್ಲವನ್ನೂ ನಡೆದ ಕ್ರಮದಲ್ಲಿಯೇ ಹೇಳುತ್ತೇನೆ.

ಸಂಘಟಕರು ಕೇಳಿದ್ದು ನಾಲ್ಕೇ ಸಂಗತಿ: ಮೂರು ನಿಮಿಷ ಮೀರದ, ಹೆಚ್ಚೆಂದರೆ ಐದು ತುಣುಕುಗಳಿರುವ ಒಂದು ಧ್ವನಿಮುದ್ರಣದ ಲಿಂಕ್, ಪ್ರತಿ ತುಣುಕಿನ ಹಕ್ಕು ಯಾರದೆಂದು ತಿಳಿಸುವ ಘೋಷಣಾ ಪತ್ರ, ಗುರುತಿನ ಚೀಟಿಯ ಪ್ರತಿ ಮತ್ತು 1,200 ರೂಪಾಯಿ ಶುಲ್ಕ. ಕೊನೆಯ ದಿನ ಜುಲೈ 31. ನಾನು ಮೊದಲನೆಯದನ್ನು ಮಾತ್ರ ಗಮನಿಸಿ, ಘೋಷಣಾ ಪತ್ರವನ್ನು ಕೊನೆಗೆ ಸಹಿ ಮಾಡುವ ಕಾಗದವೆಂದು ಬದಿಗಿಟ್ಟೆ. ಹಾಗೆ ಮಾಡಬೇಡಿ. ಯಾವ ಸಂಗೀತವನ್ನು ಸೇರಿಸಬಹುದು, ಯಾವುದನ್ನು ಸೇರಿಸಲಾಗದು ಎಂಬುದನ್ನು ಕಡೆಗೆ ಅರ್ಧಕ್ಕರ್ಧ ನಿರ್ಧರಿಸಿದ್ದು ಆ ಒಂದು ಹಾಳೆ.

ಹಳೆಯ ಹಾರ್ಡ್ ಡಿಸ್ಕ್‌ಗಳನ್ನೆಲ್ಲ ತೆರೆದು ಪಟ್ಟಿ ಮಾಡಿದಾಗ ನಲವತ್ತಾರು ರಚನೆಗಳು ಸಿಕ್ಕವು. ಒಟ್ಟು ಮೂರು ಗಂಟೆ ಹತ್ತು ನಿಮಿಷ. ಮೊದಲ ವಾರ ನಾನು ಆರಿಸಿದ್ದು ನನಗೆ ಪ್ರಿಯವಾದವುಗಳನ್ನು. ಮಳೆಗಾಲದ ಕುರಿತ ಒಂಬತ್ತು ನಿಮಿಷದ ರಚನೆಯೊಂದು ಆ ಪಟ್ಟಿಯ ತಲೆಯಲ್ಲಿತ್ತು. ಅದನ್ನು ಮಾಡಿದ ವರ್ಷ ತಂದೆ ತೀರಿಕೊಂಡಿದ್ದರು. ಅದನ್ನು ಕೇಳಿದರೆ ಇಂದಿಗೂ ನನಗೆ ಗಂಟಲು ಕಟ್ಟುತ್ತದೆ. ಊಟದ ನಂತರ ಅದನ್ನೇ ಅಮ್ಮನಿಗೆ ಕೇಳಿಸಿದೆ. ಅಡಿಕೆ ಸುಲಿಯುತ್ತ ಕುಳಿತಿದ್ದ ಅಮ್ಮ ಒಂದು ನಿಮಿಷ ಸುಮ್ಮನೆ ಕೇಳಿ, "ಕೂಸೇ, ಇದು ಯಾವಾಗ ಶುರು ಆಗ್ತು?" ಎಂದು ಕೇಳಿದರು. ಗಡಿಯಾರ ನೋಡಿದೆ. ಮುಖ್ಯ ರಾಗದ ಎಳೆ ಬರುವುದು ಒಂದು ನಿಮಿಷ ನಲವತ್ತನೆಯ ಸೆಕೆಂಡಿಗೆ. ಅಷ್ಟು ಹೊತ್ತು ನನ್ನನ್ನು ಹಿಡಿದಿಟ್ಟಿದ್ದು ನೆನಪೇ ಹೊರತು ಸಂಗೀತವಲ್ಲ ಎಂಬುದು ಆಗ ಹೊಳೆಯಿತು.

ಮರುದಿನ ಸಿದ್ದಾಪುರದ ಸೋದರಮಾವ ಬಂದಿದ್ದರು. ಅವರು ಹವ್ಯಾಸಿ ಯಕ್ಷಗಾನ ಮೇಳದಲ್ಲಿ ಬಹುಕಾಲ ಭಾಗವತಿಕೆ, ಅಂದರೆ ಹಾಡುಗಾರಿಕೆ, ಮಾಡಿದವರು. ನನ್ನ ತೊಳಲಾಟವನ್ನು ಕೇಳಿ, "ಎತ್ತುಗಡೆ ಕೇಳಿದ ಕೂಡ್ಲೆ ಪದ್ಯ ಯಾವ್ದು ಹೇಳಿ ಗೊತ್ತಾಗವು" ಎಂದರು. ಯಕ್ಷಗಾನ ನೋಡುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾಗವತರು ಪದ್ಯವನ್ನು ಎತ್ತಿದ ರೀತಿಯಲ್ಲಿಯೇ ಬರುವ ಪಾತ್ರದ ಮನಸ್ಥಿತಿ ತಿಳಿಯುತ್ತದೆ. ಅಂದಿನಿಂದ ನಲವತ್ತಾರು ರಚನೆಗಳಲ್ಲಿ ಪ್ರತಿಯೊಂದರ ಹತ್ತು ಸೆಕೆಂಡುಗಳನ್ನಷ್ಟೇ ಕೇಳುತ್ತ ಹೋದೆ. ಎಲ್ಲಿಂದ ಹಿಡಿದರೆ ಹತ್ತು ಸೆಕೆಂಡಿನಲ್ಲಿ ಭಾವ ನಿಲ್ಲುತ್ತದೆಯೋ ಆ ಜಾಗವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಂಥ ಜಾಗವೇ ಸಿಗದ ಹದಿನೆಂಟು ರಚನೆಗಳು ಆ ವಾರವೇ ಪಟ್ಟಿಯಿಂದ ಬಿದ್ದುಹೋದವು. ಮಳೆಗಾಲದ ರಚನೆಯೂ ಅವುಗಳಲ್ಲೊಂದು.

ಹುಬ್ಬಳ್ಳಿಯಲ್ಲಿ ಸಂಕಲನದ ಕೆಲಸ ಮಾಡುವ ಗೆಳತಿಗೆ ಉಳಿದವನ್ನು ಕಳುಹಿಸಿದಾಗ ಆಕೆ ಹಿಂತಿರುಗಿ ಕೇಳಿದ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಸಹಾಯ ಮಾಡಿತು: "ಇದನ್ನು ಕೇಳಿದವರು ನಿಮಗೆ ಯಾವ ಕೆಲಸ ಕೊಡಬೇಕು?" ನನ್ನ ಆದಾಯದ ಅರ್ಧ ಭಕ್ತಿಗೀತೆಗಳಿಂದ ಬರುತ್ತದೆ, ಪಟ್ಟಿಯಲ್ಲಿಯೂ ಅವೇ ಹೆಚ್ಚಿದ್ದವು, ಗುಣಮಟ್ಟದಲ್ಲಿಯೂ ಅವು ಕಡಿಮೆಯವಲ್ಲ. ಆದರೆ ನಾನು ಬಯಸಿದ್ದು ಕಿರುಚಿತ್ರ ಮತ್ತು ಸಾಕ್ಷ್ಯಚಿತ್ರಗಳ ಹಿನ್ನೆಲೆ ಸಂಗೀತವನ್ನು, ಚಿತ್ರರಂಗದವರು ಆರ್‌ಆರ್ (ರೀ-ರೆಕಾರ್ಡಿಂಗ್) ಎಂದು ಕರೆಯುವ ಕೆಲಸವನ್ನು. ಭಕ್ತಿಗೀತೆ ಕೇಳಿದ ನಿರ್ದೇಶಕ ಗಾಯಕಿಯ ಕಂಠವನ್ನು ಮೆಚ್ಚುತ್ತಾನೆ, ಸಾಹಿತ್ಯವನ್ನು ಮೆಚ್ಚುತ್ತಾನೆ, ದೃಶ್ಯವೊಂದಕ್ಕೆ ನಾನು ಏನು ಮಾಡಬಲ್ಲೆ ಎಂಬುದು ಅವನಿಗೆ ತಿಳಿಯುವುದಿಲ್ಲ. ಹನ್ನೆರಡು ಹಾಡುಗಳನ್ನು ಒಂದೇ ಸಂಜೆ ತೆಗೆದುಹಾಕಿದೆ. ಅನ್ನ ಕೊಟ್ಟ ಕೆಲಸವನ್ನು ಬಾಗಿಲ ಹೊರಗೆ ನಿಲ್ಲಿಸಿದಂತೆ ಅನ್ನಿಸಿ ಆ ರಾತ್ರಿ ನಿದ್ದೆ ಬರಲಿಲ್ಲ.

ಹದಿನಾರು ಉಳಿದವು. ಘೋಷಣಾ ಪತ್ರವನ್ನು ಸರಿಯಾಗಿ ಓದಿದ್ದು ಆಗ.

ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆಯ ಮೀನುಗಾರರನ್ನು ಕುರಿತ ಸಾಕ್ಷ್ಯಚಿತ್ರವೊಂದಕ್ಕೆ ಕೆಲವು ವರ್ಷಗಳ ಹಿಂದೆ ಸಂಗೀತ ಮಾಡಿದ್ದೆ. ಅದರ ಶೀರ್ಷಿಕೆ ಸಂಗೀತ ಡೆಮೊಗೆ ಬೇಕೇ ಬೇಕಿತ್ತು. ಆದರೆ ಅಂದು ಸಹಿ ಮಾಡಿದ್ದ ಒಪ್ಪಂದವನ್ನು ಪೆಟ್ಟಿಗೆಯಿಂದ ತೆಗೆದು ಓದಿದರೆ, ಸಂಗೀತದ ಹಕ್ಕನ್ನೆಲ್ಲ ನಿರ್ಮಾಪಕ ಸಂಸ್ಥೆಗೆ ಬರೆದುಕೊಟ್ಟಿದ್ದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಹಕ್ಕನ್ನು ಬರೆದುಕೊಟ್ಟ ಮೇಲೂ ಸಿನಿಮಾ ಮಂದಿರದ ಹೊರಗಿನ ಬಳಕೆಗಳಿಂದ ಬರುವ ರಾಯಲ್ಟಿಯಲ್ಲಿ ಸಂಗೀತ ಸಂಯೋಜಕರಿಗೆ ಸಮಪಾಲು ಇರುತ್ತದೆ, ಅದನ್ನು ಬಿಟ್ಟುಕೊಡುವಂತಿಲ್ಲ. ಆದರೆ ರಾಯಲ್ಟಿಯ ಪಾಲು ಬೇರೆ, ಆ ಸಂಗೀತವನ್ನು ನನ್ನ ಡೆಮೊದಲ್ಲಿ ಹಾಕಿ ಹಂಚುವ ಅನುಮತಿ ಬೇರೆ. ಜೂನ್ 24ರಂದು ಪತ್ರ ಬರೆದೆ. ಉತ್ತರವಿಲ್ಲ. ನಾಲ್ಕು ಸಲ ಫೋನ್ ಮಾಡಿದೆ; ಪ್ರತಿ ಸಲವೂ ಬೇರೆ ಬೇರೆಯವರು ಎತ್ತಿಕೊಂಡು ಸಂಬಂಧಪಟ್ಟವರು ಊರಲ್ಲಿಲ್ಲ ಎಂದರು. ಇಪ್ಪತ್ಮೂರನೆಯ ದಿನ, ಜುಲೈ 17ಕ್ಕೆ, ಎರಡು ಸಾಲಿನ ಇಮೇಲ್ ಬಂತು: ನಲವತ್ತು ಸೆಕೆಂಡಿನವರೆಗೆ ಬಳಸಬಹುದು, ಚಿತ್ರದ ಹೆಸರನ್ನು ನಮೂದಿಸಬೇಕು. ಇಷ್ಟು ದಿನ ಕಾದಿದ್ದಕ್ಕೆ ಸಿಟ್ಟು ಬರಬೇಕಾಗಿತ್ತು, ಆದರೆ ಬಂದದ್ದು ನೆಮ್ಮದಿಯೇ. ಇನ್ನು ಮುಂದೆ ಯಾವ ಒಪ್ಪಂದಕ್ಕೆ ಸಹಿ ಹಾಕುವ ಮೊದಲೂ, ಪರಿಚಯಕ್ಕಾಗಿ ಒಂದು ನಿಮಿಷದವರೆಗಿನ ತುಣುಕನ್ನು ಸಂಯೋಜಕರು ಬಳಸಬಹುದು ಎಂಬ ಒಂದು ವಾಕ್ಯವನ್ನು ಸೇರಿಸಿಕೊಳ್ಳುತ್ತೇನೆ. ನೀವೂ ಸೇರಿಸಿಕೊಳ್ಳಿ, ಕೆಲಸ ಶುರುವಾಗುವ ಮೊದಲು ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ.

ಇನ್ನೊಂದು ರಚನೆ, ಕೇಳಿದವರೆಲ್ಲ ಮೆಚ್ಚಿದ್ದು, ತಾಳವಾದ್ಯದ ಸಿದ್ಧ ಲೂಪ್ (ಮತ್ತೆ ಮತ್ತೆ ಮರಳುವ ತುಣುಕು) ಒಂದರ ಮೇಲೆ ಕಟ್ಟಿದ್ದಾಗಿತ್ತು. ಆ ಲೂಪ್ ಬಂದದ್ದು ಯಾರೋ ಕೊಟ್ಟ ಪೆನ್‌ಡ್ರೈವ್‌ನಿಂದ. ಅದರ ಪರವಾನಗಿ ಎಲ್ಲಿಯದೆಂದು ಪತ್ತೆಯಾಗಲಿಲ್ಲ. ಅದನ್ನು ಕೈಬಿಟ್ಟೆ.

ಹಕ್ಕಿನ ತಕರಾರು ಬರಬಹುದೆಂಬ ಭಯದಲ್ಲಿ ಮೂರು ರಚನೆಗಳನ್ನು ಕೃತಿಸ್ವಾಮ್ಯ ಕಚೇರಿಯಲ್ಲಿ ನೋಂದಾಯಿಸಲು ಅರ್ಜಿ ಹಾಕಿದೆ. ಸಂಗೀತ ಕೃತಿಯೊಂದಕ್ಕೆ 500 ರೂಪಾಯಿ ಶುಲ್ಕ. ಧ್ವನಿಮುದ್ರಣವನ್ನೇ ನೋಂದಾಯಿಸುವುದಾದರೆ 2,000. ಡೈರಿ ಸಂಖ್ಯೆ (ಅರ್ಜಿಯ ಗುರುತಿನ ಸಂಖ್ಯೆ) ಬಂದ ಮೇಲೆ ಆಕ್ಷೇಪಣೆಗಾಗಿ ಮೂವತ್ತು ದಿನ ಕಾಯಬೇಕು, ಪರಿಶೀಲನೆ ಅದರ ನಂತರ. ಆ ಮೂವತ್ತು ದಿನ ಯಾರಿಗೂ ಡೆಮೊ ಕೇಳಿಸಬಾರದು ಎಂದು ತಪ್ಪಾಗಿ ತಿಳಿದು, ಗೆಳತಿಗೂ ಮುಂದಿನ ಕರಡನ್ನು ಕಳುಹಿಸದೆ ಕುಳಿತಿದ್ದೆ. ರಚನೆ ಹುಟ್ಟಿದ ಕ್ಷಣದಿಂದಲೇ ಹಕ್ಕು ಇರುತ್ತದೆ, ನೋಂದಣಿ ಕಡ್ಡಾಯವಲ್ಲ, ಅದು ವ್ಯಾಜ್ಯ ಬಂದಾಗ ನೆರವಾಗುವ ಸಾಕ್ಷ್ಯ ಎಂದು ಪರಿಚಯದ ವಕೀಲರೊಬ್ಬರು ತಿಳಿಸಿದ ಮೇಲೆಯೇ ಕೆಲಸ ಮುಂದುವರಿದದ್ದು. ನೋಂದಣಿ ಮಾಡಿಸುವವರು ಮಾಡಿಸಿ, ಆದರೆ ಅದಕ್ಕಾಗಿ ಡೆಮೊವನ್ನು ತಡೆದಿಡಬೇಡಿ.

ಈ ನಡುವೆ ಅಂಕೋಲೆಗೆ ಹೋಗಿ ಬಂದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೂರು ವರ್ಷಗಳ ಹಿಂದೆ ನಾಟಕವೊಂದಕ್ಕಾಗಿ ಅಂಕೋಲಾ ತಾಲೂಕಿನ ಹಾಲಕ್ಕಿ ಸಮುದಾಯದ ಕೊಪ್ಪವೊಂದರಲ್ಲಿ, ಅಂದರೆ ಚಿಕ್ಕ ಕೇರಿಯಲ್ಲಿ, ಹೆಂಗಸರು ಹಾಡಿದ ಮದುವೆಯ ಹಾಡನ್ನು ಧ್ವನಿಮುದ್ರಿಸಿ, ಅದರ ಕೆಳಗೆ ಪಿಟೀಲುಗಳನ್ನು ಕೂರಿಸಿದ್ದೆ. ಡೆಮೊದ ಮೊದಲ ತುಣುಕು ಅದೇ ಎಂದು ನಿಶ್ಚಯಿಸಿದ್ದೆ. ಅವರು ಅಂದು ಕೊಟ್ಟ ಒಪ್ಪಿಗೆ ಆ ನಾಟಕಕ್ಕೆ ಮಾತ್ರ. ಆದ್ದರಿಂದ ಮತ್ತೆ ಹೋಗಿ ಕೇಳುವುದು ನ್ಯಾಯವಾಗಿತ್ತು. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಮಳೆಗಾಲದಲ್ಲಿ ಆ ಕಡೆಗೆ ಹೊರಟರೆ ಮನೆಯಲ್ಲಿ ಆತಂಕ. ದೇವಿಮನೆ ಘಟ್ಟ ಇಳಿದ ಮೇಲೊಮ್ಮೆ, ಕುಮಟೆಯಲ್ಲೊಮ್ಮೆ, ಅಂಕೋಲೆ ತಲುಪಿದ ಮೇಲೊಮ್ಮೆ ಅಮ್ಮನಿಗೆ ಫೋನ್ ಮಾಡಿದೆ. ನಾಟಿಯ ಕಾಲವಾದ್ದರಿಂದ ಹೆಂಗಸರೆಲ್ಲ ಗದ್ದೆಯಲ್ಲಿದ್ದರು. ಸಂಜೆಯವರೆಗೆ ಜಗಲಿಯಲ್ಲಿ ಕಾದೆ.

ಬಂದು ಕಾಲು ತೊಳೆದು ಕುಳಿತ ಮೇಲೆ ಅವರಿಗೆ ನನ್ನ ಫೋನಿನಲ್ಲಿ ಆ ತುಣುಕನ್ನು ಕೇಳಿಸಿದೆ. ಮೂವತ್ತೆಂಟು ಸೆಕೆಂಡಿಗೆ ಅದು ನಿಂತಾಗ ಹಿರಿಯ ಅಜ್ಜಿಯೊಬ್ಬರು, ಮದುವೆಯ ಹಾಡನ್ನು ಹೀಗೆ ನಡುವೆ ನಿಲ್ಲಿಸಬಾರದು ಎಂದರು. ಆಮೇಲೆ, ಹಾಡು ನಮ್ಮದು, ಇದರಲ್ಲಿ ನೀನು ಮಾಡಿದ್ದು ಯಾವುದು ಎಂದು ಕೇಳಿದರು. ಅದರಲ್ಲಿ ಆಕ್ಷೇಪಣೆಯ ದನಿ ಇರಲಿಲ್ಲ; ತಿಳಿಯುವ ಆಸೆ ಅಷ್ಟೆ. ಪಿಟೀಲು ಬರುವ ಕಡೆ ಬೆರಳು ತೋರಿಸಿದೆ. ಹಾಗೆ ತೋರಿಸುವಾಗಲೇ ಅರ್ಥವಾಯಿತು: ಕೇಳುವವರ ಮನಸ್ಸನ್ನು ಸೆಳೆಯುತ್ತಿದ್ದದ್ದು ಅವರ ಕಂಠ, ಅವರ ಧಾಟಿ. ಅದನ್ನು ನನ್ನ ಸಂಯೋಜನೆಯ ಮಾದರಿಯೆಂದು ಬೆಂಗಳೂರಿನಲ್ಲಿ ಕೇಳಿಸುವುದು ಅವರಿಗೂ ಅನ್ಯಾಯ, ಕೆಲಸ ಕೊಡುವವರಿಗೂ ಮೋಸ. ಹಾಡನ್ನು ಅಲ್ಲಿಯೇ ಕೈಬಿಟ್ಟೆ.

ಅದೇ ಮನೆಯ ಹಿರಿಯರೊಬ್ಬರು ಮತ್ತು ಅವರ ಮಗ ಗುಮಟೆ ನುಡಿಸುತ್ತಾರೆ. ನಾನು ಬರೆದ ತಾಳವಿನ್ಯಾಸವೊಂದನ್ನು ನುಡಿಸಲು ಇಬ್ಬರೂ ಒಪ್ಪಿದರು. ತಲಾ 1,500 ರೂಪಾಯಿ ಗೌರವಧನವನ್ನೂ ಬಳಕೆಯ ವಿವರವನ್ನೂ ಒಂದು ಹಾಳೆಯಲ್ಲಿ ಬರೆದು, ಓದಿ ಹೇಳಿ, ಇಬ್ಬರ ಸಹಿ ಪಡೆದೆ. ಗುಮಟೆಯೆಂದರೆ ಎರಡೂ ಕಡೆ ಬಾಯಿರುವ ಮಣ್ಣಿನ ಕೊಡ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ, ಚಿಕ್ಕ ಬಾಯಿಯನ್ನು ಎಡ ಅಂಗೈಯಿಂದ ಮುಚ್ಚಿ ತೆರೆದು ನಾದವನ್ನು ಏರಿಳಿಸುತ್ತಾರೆ. ಹಿಂದೆ ಉಡದ ಚರ್ಮ ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉಡ ಸಂರಕ್ಷಿತ ಪ್ರಾಣಿಯಾದ್ದರಿಂದ ಅವರ ಗುಮಟೆಗೆ ಆಡಿನ ಚರ್ಮವಿತ್ತು. ಆ ಥಂಡಿಗೆ ಚರ್ಮ ಸಡಿಲಾಗಿ ನಾದವೇ ಏಳಲಿಲ್ಲ. ಹಿರಿಯರು ಗುಮಟೆಯನ್ನು ಒಲೆಯ ಬೆಂಕಿಯಿಂದ ಒಂದು ಮೊಳ ದೂರ ಹಿಡಿದು, ನಿಧಾನವಾಗಿ ತಿರುಗಿಸುತ್ತ, ಆಗಾಗ ಬೆರಳಿನಿಂದ ತಟ್ಟಿ ಕಿವಿಗೊಡುತ್ತ ಇಪ್ಪತ್ತು ನಿಮಿಷ ಕಾಯಿಸಿದರು. ಹಂಚಿನ ಮೇಲೆ ಮಳೆಯ ಸದ್ದು ನಿಂತ ಏಳು ನಿಮಿಷದಲ್ಲಿ ನಾಲ್ಕು ಸಲ ನುಡಿಸಿದರು. ಮೂರನೆಯದು ಸರಿಯಾಗಿ ಬಂತು.

ಮನೆಗೆ ಬಂದರೆ ಬೇರೆ ತೊಂದರೆ. ಆಯ್ದ ರಚನೆಗಳಲ್ಲಿ ಒಂದರ ಮೂಲ ಕಡತ ತೆರೆಯಲಿಲ್ಲ. ವಾದ್ಯಗಳನ್ನು ಬೇರೆ ಬೇರೆಯಾಗಿ ಉಳಿಸಿಟ್ಟಿರಲಿಲ್ಲ, ಹಳೆಯ ಕೀಬೋರ್ಡ್ ಧ್ವನಿಗಳು ಹೊಸ ಕಂಪ್ಯೂಟರಿನಲ್ಲಿ ಇರಲಿಲ್ಲ. ದಿನಕ್ಕೆ ಐದಾರು ಸಲ ಕರೆಂಟು ಹೋಗುತ್ತಿದ್ದ ಆ ವಾರದಲ್ಲಿ ಅದನ್ನು ಮೊದಲಿನಿಂದ ಕಟ್ಟಿ, ಪಿಟೀಲು ವಾದಕರೊಬ್ಬರಿಗೆ 3,000 ರೂಪಾಯಿ ಕೊಟ್ಟು ಮತ್ತೆ ನುಡಿಸಿಕೊಂಡೆ. ಯಾವುದೇ ರಚನೆ ಮುಗಿದ ದಿನವೇ ಪ್ರತಿ ವಾದ್ಯವನ್ನೂ ಪ್ರತ್ಯೇಕ ವೇವ್ ಕಡತವಾಗಿ ಎರಡು ಕಡೆ ಉಳಿಸಿಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಹುಬ್ಬಳ್ಳಿಯಲ್ಲಿ ವಾದ್ಯಗಳ ದನಿಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್‌ಗೆ 7,500 ರೂಪಾಯಿಯಾಯಿತು. ಸ್ಟುಡಿಯೋದ ದೊಡ್ಡ ಸ್ಪೀಕರಿನಲ್ಲಿ ಗುಮಟೆ ಎದೆಗೆ ತಾಗುತ್ತಿತ್ತು. ಅದನ್ನೇ ಫೋನಿನಲ್ಲಿ ಹಾಕಿದರೆ ಗುಮಟೆಯೇ ಇಲ್ಲ. ಫೋನಿನ ಪುಟ್ಟ ಸ್ಪೀಕರಿಗೆ ಕೆಳದನಿಯನ್ನು ಹೊರಡಿಸುವ ಶಕ್ತಿಯಿಲ್ಲ, ಡೆಮೊ ಕೇಳುವವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಫೋನೇ. ಹಾಗಾಗಿ ಕೆಳದನಿ ತುಂಬಿದ್ದ ಭಾಗವನ್ನು ಬಿಟ್ಟು, ಚರ್ಮದ ಅಂಚಿಗೆ ಬೆರಳು ತಾಗುವ ಸದ್ದೂ ಅಂಗೈ ಮುಚ್ಚಿ ತೆರೆಯುವಾಗಿನ ಏರಿಳಿತವೂ ಸ್ಪಷ್ಟವಾಗಿದ್ದ ಬೇರೊಂದು ಭಾಗವನ್ನು ಆರಿಸಿದೆವು. ಐದೂ ತುಣುಕುಗಳ ಗಟ್ಟಿತನವನ್ನು ಸರಿದೂಗಿಸಿ, ದನಿಯ ಗಟ್ಟಿತನವನ್ನು ಅಳೆಯುವ ಮಾನದಲ್ಲಿ ಮೈನಸ್ 14 ಎಲ್‌ಯುಎಫ್‌ಎಸ್ ಸುತ್ತ ನಿಲ್ಲಿಸಿದೆವು. ಯೂಟ್ಯೂಬ್ ಅದಕ್ಕಿಂತ ಗಟ್ಟಿಯಾದದ್ದನ್ನು ತಾನೇ ತಗ್ಗಿಸುತ್ತದೆ, ಆದ್ದರಿಂದ ಗಟ್ಟಿ ಮಾಡಿ ಗೆಲ್ಲುವ ಆಸೆಯಲ್ಲಿ ಅರ್ಥವಿಲ್ಲ.

ಅನುಕ್ರಮದ ಬಗ್ಗೆ ಗೆಳತಿಗೂ ನನಗೂ ಎರಡು ದಿನ ವಾದ ನಡೆಯಿತು. ಮೊದಲಿಗೆ ಗುಮಟೆ ಮತ್ತು ಪಿಟೀಲಿನ ಉದ್ವೇಗದ ತುಣುಕು, 38 ಸೆಕೆಂಡು. ನಂತರ ಕಾಳಿ ನದಿಯದು, ಅನುಮತಿ ಸಿಕ್ಕ ಪೂರ್ತಿ 40 ಸೆಕೆಂಡು. ಮೂರನೆಯದು ಮಕ್ಕಳ ನಾಟಕದ ಲವಲವಿಕೆಯ 30 ಸೆಕೆಂಡು. ಇಷ್ಟರವರೆಗೆ ಒಮ್ಮತವಿತ್ತು. ನಾಲ್ಕನೆಯದಕ್ಕೆ ಆಕೆ ಹಟ ಹಿಡಿದದ್ದು, ತಾಯಿ ಮಗಳ ಮಾತಿನ ದೃಶ್ಯವೊಂದಕ್ಕೆ ಮಾಡಿದ್ದ, ಶ್ರುತಿಯ ಮೇಲೆ ಕೊಳಲಿನ ಮೂರು ಸ್ವರಗಳಷ್ಟೇ ಬಂದು ಹೋಗುವ 44 ಸೆಕೆಂಡುಗಳಿಗೆ. ಅದರಲ್ಲಿ ಏನೂ ನಡೆಯುವುದಿಲ್ಲ, ನನ್ನ ಸಾಮರ್ಥ್ಯ ಕಾಣುವುದಿಲ್ಲ ಎಂದು ನಾನು ಬೇಡವೆಂದೆ. ಮಾತಿಗೆ ಜಾಗ ಬಿಡುವ ಸಂಗೀತವನ್ನು ಹುಡುಕಿ ಸುಸ್ತಾಗುವವರು ನಾವು, ನಮಗೆ ಬೇಕಾದದ್ದೇ ಇದು ಎಂದು ಆಕೆ ಬಿಡಲಿಲ್ಲ. ಕೊನೆಗೆ 20 ಸೆಕೆಂಡಿನ ತುಂಬು ವಾದ್ಯಮೇಳ. ಒಟ್ಟು ಎರಡು ನಿಮಿಷ ಐವತ್ತೆರಡು ಸೆಕೆಂಡು. ತುಣುಕುಗಳನ್ನು ನಡುವೆ ಸಣ್ಣಗೆ ಮಾಡಿ ಮುಳುಗಿಸದೆ, ತಾಳದ ಮುಕ್ತಾಯ ಬೀಳುವ ಕಡೆಯೇ ಕತ್ತರಿಸಿದೆ. ಪ್ರತಿಯೊಂದೂ ಮುಗಿದು ಅರ್ಧ ಸೆಕೆಂಡು ಮೌನ.

ಮೂಲವನ್ನು ಚಿತ್ರಕ್ಕೆ ಬೇಕಾಗುವ ಗುಣಮಟ್ಟದಲ್ಲಿ, ಅಂದರೆ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಇಟ್ಟುಕೊಂಡು, ಹಂಚಲು ಚಿಕ್ಕ ಗಾತ್ರದ 320 ಕೆಬಿಪಿಎಸ್ ಎಂಪಿ3 ಮಾಡಿದೆ. ಮೊದಲನೆಯದು ಸುಮಾರು 50 ಎಂಬಿ, ಎರಡನೆಯದು 7. ಜಿಮೇಲ್‌ನಲ್ಲಿ 25 ಎಂಬಿಗಿಂತ ದೊಡ್ಡದನ್ನು ಲಗತ್ತಿಸಲು ಆಗುವುದಿಲ್ಲ. ಲಿಂಕ್ ಕಳುಹಿಸುವ ಮೊದಲು ಬೇರೆಯವರ ಫೋನಿನಲ್ಲಿ ತೆರೆದು ನೋಡಿ. ನನ್ನದು "ಅನುಮತಿ ಕೋರಿ" ಎಂದು ತೋರಿಸುತ್ತಿತ್ತು. ಕಡತದ ಹೆಸರಿನಲ್ಲಿ ನಿಮ್ಮ ಹೆಸರಿರಲಿ, ಒಳಗಿನ ವಿವರದಲ್ಲಿ ಫೋನ್ ಸಂಖ್ಯೆಯಿರಲಿ. ಡೌನ್‌ಲೋಡ್ ಆದ ಮೇಲೆ ಅದು ಯಾರದೆಂದು ತಿಳಿಯುವುದು ಅದರಿಂದಲೇ. ಜುಲೈ 30ರ ರಾತ್ರಿ ಎಲ್ಲವನ್ನೂ ಸಲ್ಲಿಸಿದೆ.

ಕಾರ್ಯಕ್ರಮಕ್ಕಾಗಿ ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಿಗ್ಗೆ ಬೆಂಗಳೂರು ಸೇರಿದೆ. ಬಸ್ಸು, ವಸತಿ, ಊಟ ಸೇರಿ 3,800. ಕ್ಯೂಆರ್ ಕೋಡ್ ಅಚ್ಚು ಹಾಕಿಸಿದ ಕಾರ್ಡುಗಳಿಗೆ 450. ಸಭಾಂಗಣ ನೆಲಮಾಳಿಗೆಯಲ್ಲಿತ್ತು, ನೆಟ್‌ವರ್ಕ್ ಇರಲಿಲ್ಲ, ಆ ಕಾರ್ಡುಗಳು ಅಂದು ಉಪಯೋಗಕ್ಕೆ ಬರಲಿಲ್ಲ. ಫೋನಿನಲ್ಲಿಯೇ ಎಂಪಿ3 ಇಟ್ಟುಕೊಂಡು, ತಂತಿಯ ಇಯರ್‌ಫೋನ್ ತಂದದ್ದರಿಂದ ಬಚಾವಾದೆ. ಹನ್ನೊಂದು ಜನರ ಜೊತೆ ಮಾತಾಡಿದೆ, ಕೇಳಿದವರು ನಾಲ್ವರು. ಮೂವರು ಗುಮಟೆಯ ತುಣುಕು ಮುಗಿಯುತ್ತಲೇ ಇದು ಯಾವ ವಾದ್ಯ ಎಂದು ಕೇಳಿ, ಮಾತಿಗಿಳಿದು, ಮುಂದಿನದನ್ನು ಕೇಳಲೇ ಇಲ್ಲ. ಪರಿಚಯವಾಗಲು ಅಷ್ಟು ಸಾಕಾಯಿತು.

ಪೂರ್ತಿ ಕೇಳಿದವರು ಒಬ್ಬ ಹಿರಿಯ ಸಂಕಲನಕಾರರು. ಚಹಾದ ಲೋಟವನ್ನು ಮೆಟ್ಟಿಲ ಮೇಲಿಟ್ಟು ಕೇಳುತ್ತಿದ್ದವರು, ಮುಗಿದ ಮೇಲೆ ಇಯರ್‌ಫೋನ್ ತೆಗೆಯದೆ, ನಾಲ್ಕನೆಯದನ್ನು ಮತ್ತೊಮ್ಮೆ ಹಾಕಿ ಎಂದರು. ಎರಡನೆಯ ಸಲ ಕೇಳಿ, "ಇದರ ಮೇಲೆ ಮಾತಿತ್ತಾ?" ಎಂದು ಕೇಳಿದರು. ಇತ್ತು ಎಂದೆ. ದೃಶ್ಯ ಸಮೇತ ಕಳುಹಿಸಲು ತಿಳಿಸಿದರು. ಆ ಕಿರುಚಿತ್ರದ ನಿರ್ದೇಶಕಿಯ ಅನುಮತಿ ಪತ್ರ ನನ್ನ ಬಳಿ ಮೊದಲೇ ಇದ್ದುದರಿಂದ ಅಂದೇ ರಾತ್ರಿ ಬಸ್ ನಿಲ್ದಾಣದಲ್ಲಿ ಕುಳಿತು ಕಳುಹಿಸಿದೆ. ಹತ್ತು ದಿನಗಳ ನಂತರ ಅವರಿಂದ ಎರಡು ನಿಮಿಷ ನಲವತ್ತು ಸೆಕೆಂಡಿನ ದೃಶ್ಯವೊಂದು ಬಂದಿದೆ. ಅಣ್ಣ ತಮ್ಮ ಜಮೀನಿನ ಪಾಲಿನ ಬಗ್ಗೆ ಮಾತಾಡುತ್ತಾರೆ, ಇಬ್ಬರೂ ದನಿ ಏರಿಸುವುದಿಲ್ಲ. ಪ್ರಯತ್ನ ಮಾಡಿ ನೋಡಿ, ಇಷ್ಟವಾದರೆ ಮುಂದೆ ಮಾತಾಡೋಣ ಎಂದು ಬರೆದಿದ್ದಾರೆ. ನಿನ್ನೆ ಮಧ್ಯಾಹ್ನದಿಂದ ಅದರ ಮುಂದೆ ಕುಳಿತಿದ್ದೇನೆ. ಇಲ್ಲಿಯವರೆಗೆ ಶ್ರುತಿ ಮಾತ್ರ ಇಟ್ಟಿದ್ದೇನೆ.